ಜೋಪಾನಪ್ಪನ ಎಣ್ಣೆ ಡಬ್ಬಿ

ಎಲ್ಲ ಅನಾಹುತವೂ ಒಂದೇ ಒಂದು ಮಾತಿನಿಂದ ಶುರುವಾಯಿತು. ಭರ್ಜರಿ ಊಟದ ನಂತರ, ಹೊಟ್ಟೆ ತುಂಬಿದ ಉಮೇದಿನಲ್ಲಿ, ಕೈ ಒರೆಸಿಕೊಳ್ಳುತ್ತ ಆಡಿದ ಮಾತು. ಅದನ್ನು ಅವತ್ತು ನುಂಗಿಕೊಂಡಿದ್ದರೆ ಜೋಪಾನಪ್ಪ ನಲವತ್ತು ದಿನ ಅನ್ನ ಸೇರದೆ, ನಿದ್ದೆ ಹತ್ತದೆ, ಫೋನು ಗುರ್ ಅಂದರೆ ಎದೆ ಹಿಡಿದುಕೊಳ್ಳುವ ಪರಿಸ್ಥಿತಿ ಬರುತ್ತಿರಲಿಲ್ಲ. ಆದರೆ ಮಾತು ನುಂಗುವುದು ಊಟ ನುಂಗಿದಷ್ಟು ಸುಲಭವೇ?

ಜೋಪಾನಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಮೆಟ್ಟಿಲು ಇಳಿಯುವವರಿಗೆ 'ಜೋಪಾನ', ಬಿಸಿ ಕಾಫಿ ಕುಡಿಯುವವರಿಗೆ 'ಜೋಪಾನ', ಸುಮ್ಮನೆ ಕೂತವರಿಗೂ 'ಕುರ್ಚಿ ಕಾಲು ಜೋಪಾನ' ಎಂದು ಹೇಳಿ ಹೇಳಿ ಬೀದಿಯವರಿಂದ ಸಂಪಾದಿಸಿಕೊಂಡ ಬಿರುದು. ಕೆಲಸ ಕನ್ನಡಕದಂಗಡಿಯಲ್ಲಿ. ಅಂಗಡಿಯ ಹಿಂಬದಿಯ ಸಣ್ಣ ಕೋಣೆಯಲ್ಲಿ ಕೂತು, ತಿರುಗುವ ಕಲ್ಲಿಗೆ ಲೆನ್ಸ್ ಹಿಡಿದು, ಫ್ರೇಮಿನ ಅಳತೆಗೆ ಸರಿಯಾಗಿ ಅಂಚು ಉಜ್ಜುವುದು. ಕೂದಲೆಳೆಯಷ್ಟು ಜಾಸ್ತಿ ಉಜ್ಜಿದರೆ ಲೆನ್ಸ್ ಕಸದ ಬುಟ್ಟಿಗೆ. ಕೈ ನಡುಗಬಾರದ ಕೆಲಸ ಅದು, ಮತ್ತು ಇಪ್ಪತ್ತೆರಡು ವರ್ಷ ಅವನ ಕೈ ನಡುಗಿರಲಿಲ್ಲ. ಉಳಿದದ್ದೆಲ್ಲ ನಡುಗುತ್ತಿತ್ತು. ನಾಯಿ ಕಂಡರೆ ನಡುಕ, ಲಿಫ್ಟ್ ಕಂಡರೆ ನಡುಕ, ಸರ್ಕಾರದ ಮೊಹರಿದ್ದ ಲಕೋಟೆ ಪಕ್ಕದ ಮನೆಗೆ ಬಂದರೂ ನಡುಕ. ಎಲ್ಲಕ್ಕಿಂತ ಹೆಚ್ಚಾಗಿ, ಭಾವನನ್ನು ಕಂಡರೆ.

ಭಾವ ಅಂದರೆ ಹೆಂಡತಿಯ ಅಣ್ಣ. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಅವರು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಅಂಗಡಿಯವರೆಲ್ಲ ತಕ್ಕಡಿ ಒರೆಸುತ್ತಿದ್ದರು. ತಕ್ಕಡಿಯೇ ಇಲ್ಲದ ಕ್ಷೌರಿಕ ಕೂಡ ಇರಲಿ ಅಂತ ಕತ್ತರಿ ಒರೆಸುತ್ತಿದ್ದ. ಹದಿನಾಲ್ಕು ವರ್ಷದ ಹಿಂದೆ ತಂಗಿಯ ಮದುವೆಯ ಮಾತುಕತೆಯಲ್ಲಿ ಜೋಪಾನಪ್ಪನನ್ನು ತಲೆಯಿಂದ ಕಾಲಿನವರೆಗೆ ಅಳೆದು, "ಹುಡುಗ ಒಳ್ಳೆಯವನೇ. ಆದ್ರೆ ಜವಾಬ್ದಾರಿ ಹೊರೋ ಆಳಲ್ಲ, ತೂಕ ಕಮ್ಮಿ" ಎಂದು ತೀರ್ಪು ಕೊಟ್ಟಿದ್ದರು. ಮದುವೆಯಾದ ಮೇಲೂ ಬಂದಾಗಲೆಲ್ಲ ತಂಗಿಯ ಕಡೆ ತಿರುಗಿ, "ಬೇಜಾರಾದ್ರೆ ಬಂದ್ಬಿಡಮ್ಮ, ನಿನ್ನ ಕೋಣೆ ಹಾಗೇ ಇದೆ" ಅನ್ನುವುದನ್ನು ಬಿಟ್ಟಿರಲಿಲ್ಲ. ತಂಗಿ ನಕ್ಕು ಕಾಫಿ ತರಲು ಒಳಗೆ ಹೋಗುತ್ತಿದ್ದಳು. ಜೋಪಾನಪ್ಪನಿಗೆ ಮಾತ್ರ ಆ ಕೋಣೆ ಕನಸಿನಲ್ಲಿ ಬರುತ್ತಿತ್ತು. ಗುಡಿಸಿ, ಹಾಸಿಗೆ ಹಾಸಿ, ಬಾಗಿಲು ತೆರೆದಿಟ್ಟ ಕೋಣೆ.

ಆ ಭಾವನಿಗೆ ಮೂರು ತಿಂಗಳು ಬೇರೆ ಊರಿಗೆ ತಪಾಸಣೆಯ ಕೆಲಸ ಬಿತ್ತು. ಕಾರನ್ನು ಎಲ್ಲಿ ಬಿಡುವುದು ಅನ್ನುವ ಚಿಂತೆ. ತಂಗಿಯ ಮನೆಯ ಪಕ್ಕದಲ್ಲಿ ತಗಡಿನ ಷೆಡ್ಡಿತ್ತು. ಊಟ ಮುಗಿಸಿ ಇಬ್ಬರೂ ಷೆಡ್ಡಿನ ಮುಂದೆ ನಿಂತಾಗ ಭಾವ ಅನುಮಾನದಿಂದ ಕೇಳಿದರು. "ನಿಮಗೆ ಎಂಜಿನ್ ವಿಷಯ ಏನಾದ್ರೂ ಗೊತ್ತಾ?"

ಹೆಂಡತಿ ಅಡುಗೆಮನೆಯ ಕಿಟಕಿಯಲ್ಲಿ ಕಾಣುತ್ತಿದ್ದಳು. ಜೋಪಾನಪ್ಪನ ಎದೆ ಅರ್ಧ ಇಂಚು ಉಬ್ಬಿತು. "ಎಂಜಿನ್ನಾ? ಅದೆಲ್ಲ ನನಗೆ ಬಿಟ್ಬಿಡಿ ಭಾವ. ಶಬ್ದ ಕೇಳಿನೇ ಅದರ ಆಯಸ್ಸು ಹೇಳ್ತೀನಿ."

ಇದೇ ಆ ಮಾತು. ಅಲ್ಲಿಯವರೆಗೆ ಅವನು ಬಿಚ್ಚಿದ ಅತಿ ದೊಡ್ಡ ಯಂತ್ರವೆಂದರೆ ಸೈಕಲ್ ಬೆಲ್ಲು. ಅದನ್ನೂ ಮತ್ತೆ ಜೋಡಿಸಿರಲಿಲ್ಲ.

ಭಾವ ಬಾನೆಟ್ ಎತ್ತಿದರು. ಒಳಗೆ ಕೊಳವೆಗಳ ಸಂದಿಯಲ್ಲಿ ಅಂಗೈಯಷ್ಟು ಎತ್ತರದ ಮಿರಿಮಿರಿ ಡಬ್ಬಿ. "ಇದು ಕ್ಯಾಚ್ ಕ್ಯಾನ್. ನಾನೇ ಹಾಕಿಸಿದ್ದು. ಎಂಜಿನ್ ಉಸಿರು ಬಿಡುವಾಗ ಆಯಿಲ್ ಹಬೆ ಬರುತ್ತೆ. ಅದು ವಾಪಸ್ಸು ಒಳಗೆ ಹೋಗಿ ಮಸಿ ಕಟ್ಟಬಾರದು ಅಂತ ಮಧ್ಯದಲ್ಲೇ ಹಿಡಿಯೋದಕ್ಕೆ ಇದು. ಆಗಾಗ ಬಿಚ್ಚಿ ಖಾಲಿ ಮಾಡಿ. ದಿನಾ ಬೆಳಿಗ್ಗೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ. ಆಯಿಲ್ ಮಾತ್ರ ಕಮ್ಮಿ ಆಗಬಾರದು. ಗೊತ್ತಾಯ್ತಲ್ಲ?"

ಜೋಪಾನಪ್ಪ ಪ್ರತಿ ಮಾತಿಗೂ ತಲೆಯಾಡಿಸಿದ. ಕೆಲವು ಮಾತಿಗೆ ಮುಂಚೆಯೇ ತಲೆಯಾಡಿಸಿದ. ಎಲ್ಲ ತಿಳಿದವನ ಮುಖ ಹೇಗಿರಬೇಕು ಎಂದು ಯೋಚಿಸುವುದರಲ್ಲೇ ಅವನ ಬುದ್ಧಿಯೆಲ್ಲ ಖರ್ಚಾಗಿ, ಕಿವಿಗೆ ಬಿದ್ದದ್ದು ಒಂದೇ: ಕಮ್ಮಿ ಆಗಬಾರದು.

ಭಾವ ಕೀ ಕೊಡುತ್ತ ಹೇಳಿದರು. "ಹನ್ನೆರಡು ವರ್ಷದ ಗಾಡಿ. ಒಂದು ದಿನ ಕೈ ಕೊಟ್ಟಿಲ್ಲ. ಎಂಜಿನ್‌ಗೆ ಏನಾದ್ರೂ ಆಯ್ತೋ..."

ವಾಕ್ಯ ಅಲ್ಲಿಗೇ ನಿಂತಿತು. ಭಾವ ಒಮ್ಮೆ ಅವನನ್ನು ನೋಡಿದರು, ಒಮ್ಮೆ ಅಡುಗೆಮನೆಯ ಕಿಟಕಿಯಲ್ಲಿದ್ದ ತಂಗಿಯನ್ನು ನೋಡಿದರು, ಹೊರಟುಹೋದರು. ಆ ಅರ್ಧ ವಾಕ್ಯವನ್ನು ಜೋಪಾನಪ್ಪ ಬೇರೆ ಬೇರೆ ಥರ ಪೂರ್ತಿ ಮಾಡಿ ನೋಡಿದ. ಹೇಗೆ ಪೂರ್ತಿ ಮಾಡಿದರೂ ಕೊನೆಯಲ್ಲಿ ಆ ಗುಡಿಸಿಟ್ಟ ಕೋಣೆಯೇ ಬರುತ್ತಿತ್ತು.

ಒಂದು ವಾರ ಎಲ್ಲ ಸುಸೂತ್ರ. ಎಂಟನೆಯ ದಿನ ಬೆಳಿಗ್ಗೆ, ಇರಲಿ ನೋಡೋಣ ಎಂದು ಡಬ್ಬಿ ತಿರುಗಿಸಿ ಬಿಚ್ಚಿದ. ಒಳಗೆ ಕಾಫಿಗೆ ಹಾಲು ಹಾಕಿ ಒಂದು ವಾರ ಮರೆತುಬಿಟ್ಟ ಹಾಗೆ ಕಂದು ಬಣ್ಣದ ಲೋಳೆ. ಎರಡು ಚಮಚದಷ್ಟು.

ಅವನು ಡಬ್ಬಿಯನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದ. ಎಂಜಿನ್ನಿನೊಳಗೆ ಇರಬೇಕಾದ್ದು ಹೊರಗೆ ಬಂದಿದೆ! ಹೊರಗೆ ಬಂದಿದೆ ಅಂದಮೇಲೆ ಒಳಗೆ ಕಮ್ಮಿಯಾಗಿದೆ! ಕಮ್ಮಿಯಾಗಬಾರದು ಅಂತ ಹೇಳಿ ಇನ್ನೂ ಒಂದೇ ವಾರ! ಷೆಡ್ಡಿನ ಮೂಲೆಯಲ್ಲಿ ಭಾವ ಬಿಟ್ಟುಹೋಗಿದ್ದ ಡಬ್ಬದಿಂದ ಒಂದು ಲೋಟ ಹೊಸ ಎಣ್ಣೆ ಅಳೆದು ಎಂಜಿನ್ನಿನ ಬಾಯಿಗೆ ಸುರಿದ. ಎರಡು ಚಮಚ ಹೋದದ್ದಕ್ಕೆ ಒಂದು ಲೋಟ ಕೊಟ್ಟಿದ್ದೇನೆ, ಇನ್ನೇನು ಬೇಕು ಎಂದು ಸಮಾಧಾನ ಮಾಡಿಕೊಂಡ.

ಮಾರನೆಯ ದಿನ ಡಬ್ಬಿಯಲ್ಲಿ ಮೂರು ಚಮಚ. ಅವನು ಮತ್ತೆ ಒಂದು ಲೋಟ ಹಾಕಿದ. ಅದರ ಮಾರನೆಯ ದಿನ ಐದು ಚಮಚ. ಇವನು ಹಾಕಿದಷ್ಟೂ ಅದು ಕಕ್ಕುತ್ತಿತ್ತು, ಅದು ಕಕ್ಕಿದಷ್ಟೂ ಇವನು ಹಾಕುತ್ತಿದ್ದ. ಎರಡು ವಾರದ ಹೊತ್ತಿಗೆ ಕಾರಿನ ಹಿಂದಿನಿಂದ ನೀಲಿ ಹೊಗೆ ಹೊರಟು ಬೀದಿಯೆಲ್ಲ ಸುತ್ತಾಡತೊಡಗಿತು. ಮೊದಲಾದರೆ ಜೋಪಾನಪ್ಪನಿಗೆ ಭಾವನ ಹೆದರಿಕೆ ಒಂದೇ ಇತ್ತು. ಈಗ ಕಾರಿನ ಹೆದರಿಕೆಯೂ ಸೇರಿಕೊಂಡಿತು. ಷೆಡ್ಡಿನ ಬಾಗಿಲು ತೆಗೆಯುವ ಮುಂಚೆ ಒಂದು ಕ್ಷಣ ನಿಂತು, ಒಳಗೆ ಕಾಯಿಲೆಯವರು ಮಲಗಿದ್ದಾರೋ ಎಂಬಂತೆ ಮೆಲ್ಲಗೆ ಕೆಮ್ಮುತ್ತಿದ್ದ.

ಯಾರನ್ನಾದರೂ ಕೇಳೋಣವೆಂದರೆ ಎದೆ ಉಬ್ಬಿಸಿ ಆಡಿದ ಮಾತು ಅಡ್ಡ. ಹೆಂಡತಿಗೆ ಹೇಳಿದರೆ ಮುಗಿಯಿತು. ಅಣ್ಣ ತಂಗಿಯ ನಡುವೆ ಸುದ್ದಿ ಹೋಗಲು ಫೋನೇ ಬೇಕಾಗಿರಲಿಲ್ಲ. ಬೀದಿಯ ಮೆಕ್ಯಾನಿಕ್ ತಾತನೂ ಭಾವನ ಹಳೆಯ ಪರಿಚಯ. ಕೊನೆಗೆ ಸಾಕ್ಷಿ ಕೂಡಿಡುವುದೊಂದೇ ದಾರಿ ಎಂದು ಅವನು ತೀರ್ಮಾನಿಸಿದ. ಕಕ್ಕಿದ್ದನ್ನೆಲ್ಲ ಎತ್ತಿಟ್ಟು, ದಿನಾಂಕ ಬರೆದು, ಭಾವ ಬಂದಾಗ ತೋರಿಸಿದರೆ ನನ್ನ ತಪ್ಪಿಲ್ಲ ಅಂತ ಗೊತ್ತಾಗುತ್ತದೆ. ಗುಜರಿ ಅಂಗಡಿಯಿಂದ ಮುಚ್ಚಳ ಗಟ್ಟಿಯಿದ್ದ, ಸೋರದ ಆರು ಬಾಟಲಿ ಆರಿಸಿ ತಂದ. ಅಂಥ ಗಟ್ಟಿ ಮುಚ್ಚಳದ ಬಾಟಲಿ ಯಾವ ಪಾನೀಯಕ್ಕೆ ಮಾಡಿರುತ್ತಾರೆ ಎಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದರ ಮೇಲೆ ಕುದುರೆಯ ಚಿತ್ರ, ಇನ್ನೊಂದರ ಮೇಲೆ ಕಿರೀಟ. ಅದರ ಕೆಳಗೆ ಇವನ ದುಂಡು ಅಕ್ಷರ: 'ಮಂಗಳವಾರ. ಹಾಕಿದ್ದು ಒಂದು ಲೋಟ. ಕಕ್ಕಿದ್ದು ಐದು ಚಮಚ.' ಬಾಟಲಿಗಳನ್ನು ಹಳೆಯ ಗೋಣಿಚೀಲದಲ್ಲಿ ಸುತ್ತಿ ನೀರಿನ ತೊಟ್ಟಿಯ ಹಿಂದೆ ಬಚ್ಚಿಟ್ಟ.

ಇನ್ನು ಈ ಅನಾಹುತವನ್ನು ಬೆಳೆಸಿದ ಒಂದು ಪದದ ವಿಷಯ. ಬಹಳ ಹಿಂದೆ ಬಸ್ಸಿನಲ್ಲಿ, ಉಗುರಿನ ಸಂದಿಯೆಲ್ಲ ಕಪ್ಪಾಗಿದ್ದ ಇಬ್ಬರು ಮೆಕ್ಯಾನಿಕ್ಕರ ಮಾತು ಅವನ ಕಿವಿಗೆ ಬಿದ್ದಿತ್ತು. ಅವರು ಆಯಿಲ್ ಅಂದಿರಲಿಲ್ಲ. 'ಎಣ್ಣೆ' ಅಂದಿದ್ದರು. ಆಯಿಲ್ ಅನ್ನುವವರು ಅರೆಬರೆ ಕಲಿತವರು, ಕೈ ಪಳಗಿದವರು ಎಣ್ಣೆ ಅನ್ನುತ್ತಾರೆ ಎಂದು ಅವನು ಅವತ್ತೇ ತಿಳಿದುಕೊಂಡಿದ್ದ. ಆ ಪದಕ್ಕೆ ಊರಿನಲ್ಲಿ ಇನ್ನೊಂದು ಅರ್ಥವಿದೆ, ಸಂಜೆಯಾದರೆ ಜನ 'ಎಣ್ಣೆ' ಅನ್ನುವುದು ಯಾವುದಕ್ಕೆ ಎಂದು ಅವನಿಗೆ ತಿಳಿಯದ್ದಲ್ಲ. ಆದರೆ ಹೆದರಿದವನಿಗೆ ತನ್ನ ಹೆದರಿಕೆಯ ಅರ್ಥ ಒಂದೇ ತಲೆಯಲ್ಲಿರುತ್ತದೆ.

ಎದುರು ಮನೆಯ ಮಹಡಿಯಲ್ಲಿ ನರ್ಸಮ್ಮ ಇದ್ದರು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಈಗ ರೋಗಿಗಳಿಲ್ಲದೆ ಬೀದಿಯನ್ನೇ ವಾರ್ಡು ಮಾಡಿಕೊಂಡಿದ್ದರು. ಒಣಹಾಕಿದ ಬಟ್ಟೆಗೆ ಹೊಗೆ ಮೆತ್ತಿಕೊಂಡಾಗ ಕಿಟಕಿಯಿಂದ ಬಗ್ಗಿ ಕೂಗಿದರು.

"ಏನಪ್ಪಾ, ಬೆಳಿಗ್ಗೆ ಆರೂವರೆಗೆ ಷೆಡ್ಡೊಳಗೆ ಏನು ನಡೆಸಿದ್ದೀಯ?"

ಜೋಪಾನಪ್ಪ ಬೆಚ್ಚಿ ಲೋಟವನ್ನು ಬೆನ್ನ ಹಿಂದೆ ಹಿಡಿದ. "ಏನಿಲ್ಲ ನರ್ಸಮ್ಮ. ಎಣ್ಣೆ."

"ಇಷ್ಟು ಬೆಳಿಗ್ಗೆನಾ!"

"ಬೆಳಿಗ್ಗೇನೇ ಆಗ್ಬೇಕು. ತಣ್ಣಗಿರುವಾಗ ಹಾಕಿದ್ರೆ ಒಳ್ಳೇದು."

"ದಿನಾನಾ?"

"ಒಂದು ದಿನ ತಪ್ಪಿದ್ರೂ ಸ್ಟಾರ್ಟೇ ಆಗಲ್ಲ." ಅವನು ಕಿಟಕಿಯ ಕೆಳಗೆ ಬಂದು ದನಿ ತಗ್ಗಿಸಿದ. "ದಯವಿಟ್ಟು ನಮ್ಮನೆಯವಳಿಗೆ ಹೇಳ್ಬೇಡಿ. ಸುಮ್ನೆ ಗಾಬರಿ ಆಗ್ತಾಳೆ."

ನರ್ಸಮ್ಮನಿಗೆ ಗುಟ್ಟು ಹೇಳುವುದೂ ಒಂದೇ, ಬೀದಿಗೆ ಮೈಕು ಕಟ್ಟಿಸುವುದೂ ಒಂದೇ. ಮಧ್ಯಾಹ್ನದ ಹೊತ್ತಿಗೆ ಅವರು ಅವನ ಹೆಂಡತಿಯ ಎದುರು ಕೂತು, ಕೈ ಹಿಡಿದುಕೊಂಡು, "ಗಟ್ಟಿ ಮನಸ್ಸು ಮಾಡ್ಕೋ ತಾಯಿ. ಗಾಡಿ ಶಬ್ದ ಮಾಡಿ ಬಾಟಲಿ ಶಬ್ದ ಮುಚ್ಚೋದು ಹಳೇ ಉಪಾಯ. ನಾನು ಎಷ್ಟು ಕೇಸು ನೋಡಿಲ್ಲ!" ಎಂದು ಹೇಳಿಯಾಗಿತ್ತು. ಹೆಂಡತಿ ನಂಬಲಿಲ್ಲ. ಆದರೆ ಅವತ್ತಿನಿಂದ ಗಂಡನನ್ನು ನೋಡತೊಡಗಿದಳು. ಅನ್ನ ಸೇರುತ್ತಿಲ್ಲ. ಕಣ್ಣು ಕೆಂಪಾಗಿದೆ. ಕೈ ನಡುಗುತ್ತಿದೆ. ಕರೆದರೆ ಬೆಚ್ಚುತ್ತಾನೆ. ನರ್ಸಮ್ಮ ಹೇಳಿದ ಲಕ್ಷಣಗಳೆಲ್ಲ ಒಂದೂ ಬಿಡದೆ ಇದ್ದವು.

ಆ ನಡುಕ ಅಂಗಡಿಗೂ ಬಂತು. ಒಬ್ಬ ಗಿರಾಕಿ ಹಣೆಗೆ ಪಟ್ಟಿ ಕಟ್ಟಿಕೊಂಡು ಬಂದು ಕನ್ನಡಕವನ್ನು ಗಾಜಿನ ಮೇಜಿನ ಮೇಲೆ ಕುಕ್ಕಿದ. "ಇದನ್ನ ಹಾಕ್ಕೊಂಡು ಮೆಟ್ಟಿಲು ಇಳಿದೆ ಸ್ವಾಮಿ. ಅಲ್ಲಿ ಮೆಟ್ಟಿಲೇ ಇರಲಿಲ್ಲ!" ಯಜಮಾನರು ಪರೀಕ್ಷಿಸಿ ನೋಡಿದರೆ ಎಡಗಣ್ಣಿನ ಲೆನ್ಸ್ ಬಲಕ್ಕೆ, ಬಲಗಣ್ಣಿನದು ಎಡಕ್ಕೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ತಪ್ಪು. ಮೆತ್ತನೆ ಮನುಷ್ಯರಾದ ಯಜಮಾನರು ಬೈಯಲಿಲ್ಲ, ಮಾತಾಡೋಣವೆಂದು ಹಿಂದಿನ ಕೋಣೆಗೆ ಬಂದರು. ಬಾಗಿಲ ಬಳಿಯೇ ನಿಂತುಬಿಟ್ಟರು. ಒಳಗೆ ಜೋಪಾನಪ್ಪ ಗೋಡೆಗೆ ಮುಖ ಮಾಡಿ ಫೋನಿನಲ್ಲಿ ಪಿಸುಗುಟ್ಟುತ್ತಿದ್ದ.

"ಎಣ್ಣೆ ಮುಗೀತಾ ಬಂತು... ಹೂಂ, ಇನ್ನೊಂದು ದೊಡ್ಡ ಡಬ್ಬ... ಮನೆಗೆ ಕಳಿಸ್ಬೇಡಿ, ಗೊತ್ತಾಗ್ಬಿಡುತ್ತೆ! ಅಂಗಡಿ ಹಿಂಬಾಗಿಲಿಗೆ ಕಳಿಸಿ... ಒಳ್ಳೇದೇ ಇರ್ಲಿ, ಕೆಟ್ಟದ್ದಾದ್ರೆ ಒಳಗೆಲ್ಲ ಸುಟ್ಟುಹೋಗುತ್ತೆ ಅಂತಾರಲ್ಲ."

ಯಜಮಾನರು ಸ್ಟೂಲು ಎಳೆದುಕೊಂಡು ಕೂತರು. ಅವರಿಗೇ ಸುಧಾರಿಸಿಕೊಳ್ಳಲು ಒಂದು ಲೋಟ ನೀರು ಬೇಕಾಯಿತು. "ನೋಡಪ್ಪ, ನನಗೆಲ್ಲ ಗೊತ್ತಾಯ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜೋಪಾನಪ್ಪನ ಕೈಯಿಂದ ಫೋನು ಜಾರಿತು. "ನಿಮಗೂ ಗೊತ್ತಾಯ್ತಾ ಸಾರ್?"

"ಎಷ್ಟು ದಿನದಿಂದ?"

"ಭಾವ ಊರಿಗೆ ಹೋದಾಗಿನಿಂದ."

"ಬಿಟ್ಬಿಡೋಕಾಗಲ್ವಾ?"

"ಹೇಗೆ ಬಿಡ್ಲಿ ಸಾರ್! ಬಿಟ್ರೆ ಒಳಗೆ ಎಲ್ಲ ಒಣಗಿಹೋಗುತ್ತೆ. ಗಟ್ಟಿಯಾಗಿ ಹಿಡ್ಕೊಂಡ್ಬಿಡುತ್ತೆ. ಆಮೇಲೆ ಅಲ್ಲಾಡಲ್ಲ. ಜೀವನೇ ಹೋಯ್ತು ಅಂತ ಲೆಕ್ಕ."

ಯಜಮಾನರ ಕಣ್ಣಲ್ಲಿ ನೀರೇ ಬಂತು. "ಡಾಕ್ಟ್ರಿಗೆ ತೋರಿಸ್ಬಾರ್ದಾ?"

ಮೆಕ್ಯಾನಿಕ್ ಅನ್ನುವುದಕ್ಕೆ ಯಜಮಾನರು ಪ್ರೀತಿಯಿಂದ ಡಾಕ್ಟ್ರು ಅಂದರು ಎಂದು ಜೋಪಾನಪ್ಪ ತಿಳಿದ. "ತೋರಿಸಿದ್ರೆ ಹೊಟ್ಟೆ ಬಿಚ್ಚಬೇಕು ಅಂತಾರೆ ಸಾರ್. ಭಾವನಿಗೆ ನಾನೇನು ಹೇಳ್ಲಿ?" ಎಂದು ಹೇಳಿ ಮುಖ ಮುಚ್ಚಿಕೊಂಡ. ಯಜಮಾನರು ಅವನ ಬೆನ್ನು ತಟ್ಟಿ, ತಿರುಗುವ ಕಲ್ಲಿನ ಸ್ವಿಚ್ಚು ಆರಿಸಿ, ಒಂದು ವಾರ ರಜೆ ಕೊಟ್ಟು ಕಳಿಸಿದರು.

ಮನೆಗೆ ಬೇಗ ಬಂದದ್ದೇ ತಪ್ಪಾಯಿತು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಹೆಂಡತಿಯ ದನಿ ಕೇಳಿಸಿತು. ಅಳುತ್ತ ಫೋನಿನಲ್ಲಿ ಮಾತಾಡುತ್ತಿದ್ದಳು.

"ಹಾಳಾಗ್ಹೋಯ್ತು ಅಣ್ಣ, ಎಲ್ಲ ಹಾಳಾಗ್ಹೋಯ್ತು... ಬೆಳಿಗ್ಗೆ ಎದ್ರೆ ಅದೇ ವಾಸನೆ... ನಿಂತ ಜಾಗದಲ್ಲೇ ನಡುಕ... ತೊಟ್ಟಿ ಹಿಂದೆ ಬಾಟಲಿನೂ ಸಿಕ್ತು, ಆರು! ಮುಟ್ಟೋಕೂ ಹೆದರಿಕೆ... ನನ್ನ ಕೈಲಿ ಇನ್ನು ಆಗಲ್ಲ. ನೀನೇ ಬಂದು ಕರ್ಕೊಂಡು ಹೋಗು."

ಜೋಪಾನಪ್ಪನ ಜೀವ ಬಾಯಿಗೆ ಬಂತು. ಎಂಜಿನ್ ಹಾಳಾದದ್ದು ಅವಳಿಗೆ ಗೊತ್ತಾಗಿದೆ. ಭಾವನಿಗೆ ಹೇಳಿಯೂ ಆಯಿತು. ಕರ್ಕೊಂಡು ಹೋಗು ಅನ್ನುತ್ತಿದ್ದಾಳೆ. ಕೋಣೆ ಗುಡಿಸಿಟ್ಟೇ ಇದೆ! ಒಳಗೆ ಹೋಗಿ ಅವಳ ಕಾಲು ಹಿಡಿಯೋಣ ಅನ್ನಿಸಿತು. ಆದರೆ ಕಾಲು ಹಿಡಿಯಬೇಕಾದರೂ ಮೊದಲು ತನ್ನ ಕಾಲು ಮುಂದೆ ಹೋಗಬೇಕಲ್ಲ. ಅವನು ಚಪ್ಪಲಿ ಮತ್ತೆ ಮೆಟ್ಟಿಕೊಂಡು ಷೆಡ್ಡಿಗೆ ಹೋಗಿ, ಕಾರಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಅವಳಿಲ್ಲದ ಮನೆ ಹೇಗಿರುತ್ತದೆ ಎಂದು ಯೋಚಿಸಲು ಹೋಗಿ, ಹೆದರಿ, ಅರ್ಧಕ್ಕೇ ಬಿಟ್ಟ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಭಾವ ಬಂದರು. ನಡುಮನೆಯಲ್ಲಿ ನ್ಯಾಯಸ್ಥಾನ ಸಿದ್ಧವಾಗಿತ್ತು. ಒಂದು ಕಡೆ ನರ್ಸಮ್ಮ, ಒಂದು ಕಡೆ ಅಂಗಡಿ ಯಜಮಾನರು, ಮಧ್ಯದಲ್ಲಿ ಭಾವ. ಮೇಜಿನ ಮೇಲೆ ಆರು ಬಾಟಲಿ ಸಾಲಾಗಿ ನಿಂತಿದ್ದವು. ಬಾಗಿಲ ಬಳಿ ಉಬ್ಬಿಕೊಂಡ ಒಂದು ಬಟ್ಟೆಯ ಚೀಲ. ಜೋಪಾನಪ್ಪನ ಕಣ್ಣು ಬಾಟಲಿಯ ಮೇಲೆ ನಿಲ್ಲಲಿಲ್ಲ, ಭಾವನ ಮೇಲೆ ನಿಲ್ಲಲಿಲ್ಲ. ನೆಟ್ಟಗೆ ಹೋಗಿ ಆ ಚೀಲದ ಮೇಲೆ ನಿಂತಿತು.

"ಏನಾದ್ರೂ ಹೇಳೋದಿದೆಯಾ?" ಭಾವ ಕೇಳಿದರು.

"ತಪ್ಪಾಯ್ತು ಭಾವ. ಎಲ್ಲ ನಂದೇ ತಪ್ಪು."

ಭಾವ ಜೇಬಿನಿಂದ ಇಲಾಖೆಯ ಸಣ್ಣ ಪುಸ್ತಕ ತೆಗೆದರು. ಯಾವ ವಿಷಯವೇ ಆಗಲಿ, ಅಳತೆ ಇಲ್ಲದೆ ಅವರು ಮಾತಾಡುವವರಲ್ಲ. "ದಿನಕ್ಕೆ ಎಷ್ಟು?"

"ಒಂದು ಲೋಟ."

"ಲೋಟ ಅಂದ್ರೆ ಅಳತೆ ಅಲ್ಲ. ಯಾವ ಲೋಟ?"

"ಕಾಫಿ ಕುಡೀತೀವಲ್ಲ, ಅದೇ ಸ್ಟೀಲ್ ಲೋಟ."

"ಅಯ್ಯೋ, ಕಾಫಿ ಲೋಟದಲ್ಲೇ!" ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಏನೂ ಬೆರೆಸದೇನಾ?" ನರ್ಸಮ್ಮ ಕೇಳಿದರು.

"ನೀರು ಸೇರಿದ್ರೆ ಕೆಟ್ಟುಹೋಗುತ್ತಲ್ಲ ನರ್ಸಮ್ಮ!" ಜೋಪಾನಪ್ಪ ಗಾಬರಿಯಿಂದ ಹೇಳಿದ. "ಆದ್ರೂ ಒಳಗೆ ನಿಲ್ತಾ ಇಲ್ಲ ಭಾವ. ಎಷ್ಟು ಹಾಕಿದ್ರೂ ಕಕ್ಕಿಬಿಡುತ್ತೆ."

"ಲಿವರ್!" ನರ್ಸಮ್ಮ ಘೋಷಿಸಿದರು.

"ಕಕ್ಕಿದ್ದನ್ನ ಏನು ಮಾಡಿದ್ರಿ?"

"ಒಂದು ಹನಿ ಚೆಲ್ಲಿಲ್ಲ ಭಾವ. ಎಲ್ಲ ಬಾಟಲಿಲಿ ತುಂಬಿ, ತಾರೀಕು ಬರೆದು ಇಟ್ಟಿದ್ದೀನಿ. ನೀವು ಬಂದಾಗ ತೋರಿಸೋಣ ಅಂತ."

ಯಜಮಾನರು ಅಷ್ಟು ಹೊತ್ತಿನಿಂದ ಒಂದು ಬಾಟಲಿ ಕೈಯಲ್ಲಿ ಹಿಡಿದು ಕುದುರೆಯ ಚಿತ್ರ ನೋಡುತ್ತಿದ್ದರು. ಅದನ್ನು ಬಹಳ ನಿಧಾನವಾಗಿ ಮೇಜಿನ ಮೇಲಿಟ್ಟು, ಕೈಯನ್ನು ಪಂಚೆಗೆ ಒರೆಸಿದರು, ಸಾಲದೆಂದು ಕುರ್ಚಿಗೂ ಒರೆಸಿದರು.

ಭಾವ ಮಾತ್ರ ಹಿಂಜರಿಯಲಿಲ್ಲ. ಮೂವತ್ತು ವರ್ಷ ಅಂಗಡಿಯವರ ಮೋಸ ಹಿಡಿದ ಕೈ ಅದು. ಬಾಟಲಿ ಎತ್ತಿ, ಮುಚ್ಚಳ ತಿರುಗಿಸಿ, ಮೂಗಿನ ಬಳಿ ತಂದರು. ಹುಬ್ಬು ಮೇಲಕ್ಕೆ ಹೋಯಿತು. ಬೆರಳಿಗೆ ಒಂದು ತೊಟ್ಟು ಬಿಟ್ಟುಕೊಂಡು ಹೆಬ್ಬೆರಳಿಂದ ಉಜ್ಜಿ ನೋಡಿದರು. ದಿಗ್ಗನೆ ಎದ್ದು ನಿಂತರು.

"ಇದು ಎಣ್ಣೆ!"

"ಆಗ್ಲಿಂದ ನಾವೆಲ್ಲ ಅದನ್ನೇ ತಾನೇ ಹೇಳ್ತಿರೋದು, ಎಣ್ಣೆ ಅಂತ!" ಅಂದರು ನರ್ಸಮ್ಮ.

"ಎಣ್ಣೆ ಅಲ್ಲ ರೀ, ಎಣ್ಣೆ!"

"ಎಣ್ಣೇನೇ ಅಲ್ವಾ?"

"ಎಣ್ಣೆ! ಆದ್ರೆ ಆ ಎಣ್ಣೆ ಅಲ್ಲ! ಆಯಿಲ್! ನನ್ನ ಗಾಡಿ ಆಯಿಲ್!"

ಭಾವ ಷೆಡ್ಡಿಗೆ ಓಡಿದರು. ಹಿಂದೆ ಎಲ್ಲರೂ ಓಡಿದರು. ಕಾರು ಸ್ಟಾರ್ಟ್ ಮಾಡಿದ್ದೇ ತಡ, ನೀಲಿ ಹೊಗೆ ಬುಸ್ಸೆಂದು ಬಂದು ಎಲ್ಲರನ್ನೂ ನುಂಗಿತು. ಹೊಗೆಯೊಳಗಿಂದ ಭಾವನ ಕೆಮ್ಮೂ ಅವರ ಕೂಗೂ ಒಟ್ಟಿಗೆ ಕೇಳಿಸಿದವು. "ಮೆಕ್ಯಾನಿಕ್ಕನ್ನ ಕರೀರೋ ಯಾರಾದ್ರೂ!"

ಮೆಕ್ಯಾನಿಕ್ ತಾತ ಬಂದ. ಯಾರ ಮುಖವನ್ನೂ ನೋಡಲಿಲ್ಲ. ಎಂಜಿನ್ನಿನ ಪಕ್ಕದಿಂದ ಉದ್ದದ ಒಂದು ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ, ಎತ್ತಿ ಬಿಸಿಲಿಗೆ ಹಿಡಿದ. ಎಣ್ಣೆ ಗುರುತಿನ ಗೆರೆ ದಾಟಿ, ಮೇಲೆ ಹಿಡಿಯ ಹತ್ತಿರದವರೆಗೂ ಹತ್ತಿಕೊಂಡಿತ್ತು.

"ಯಾರಪ್ಪಾ ಇದಕ್ಕೆ ಊಟ ಹಾಕ್ತಿದ್ದೋರು?"

ಜೋಪಾನಪ್ಪ ಕೈ ಎತ್ತಿದ.

"ಹೊಟ್ಟೆ ತುಂಬಿದೋನಿಗೆ ಬಲವಂತ ಮಾಡಿ ಬಡಿಸಿದ್ರೆ ಅವನು ಕಕ್ಕದೆ ಏನು ಮಾಡ್ತಾನೆ? ಕಕ್ಕಿದ ಅಂತ ಮತ್ತೆ ಬಡಿಸೋದಾ! ಆ ಡಬ್ಬಿಗೆ ಬಂದ ಎರಡು ಚಮಚ ಮಾಮೂಲಿ ಕಣಯ್ಯ. ಓಡಿಸದೆ ಸುಮ್ನೆ ಹತ್ತು ನಿಮಿಷ ಕೂಗಿಸಿದ್ರೆ ಒಳಗೆ ನೀರಾವಿ ನಿಂತು ಹಾಗೆ ಲೋಳೆ ಆಗುತ್ತೆ. ಚೆಲ್ಲಿ ಸುಮ್ನಿರೋದು. ಈ ಕಡ್ಡಿ ಒಂದು ಸಲ ಆದ್ರೂ ಎಳೆದು ನೋಡಿದ್ಯಾ?"

"ಅಲ್ಲೊಂದು ಕಡ್ಡಿ ಇದೆ ಅಂತಾನೇ ಗೊತ್ತಿರಲಿಲ್ಲ ತಾತ."

ಭಾವನಿಗೆ ಆ ಮಾತು ಎಲ್ಲಕ್ಕಿಂತ ಜೋರಾಗಿ ನಾಟಿತು. "ಅಳತೆ ಕಡ್ಡಿ ನೋಡಿಲ್ವಾ? ಅಳತೆನೇ ಇಲ್ದೆ ಹಾಕಿದ್ರಾ?" ಅವರಿಗೆ ಕಾರಿನ ಬಾಗಿಲು ಹಿಡಿದು ನಿಲ್ಲಬೇಕಾಯಿತು.

ತಾತ ಉದ್ದದ ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟು ಕಣ್ಣು ಮುಚ್ಚಿದ. ನರ್ಸಮ್ಮ ಕೂಡ ಮಾತು ನಿಲ್ಲಿಸಿದರು. ನಲವತ್ತು ದಿನದ ಹೆದರಿಕೆಯೆಲ್ಲ ಬಂದು ಆ ಮುದುಕನ ಕಿವಿಯಲ್ಲಿ ಕೂತಿತ್ತು.

"ಬದುಕಿದೆ," ಅಂದ ತಾತ. "ಇನ್ನೊಂದು ವಾರ ಹೀಗೇ ಸಾಕಿದ್ರೆ ಹೋಗ್ತಿತ್ತು. ಪೂರ್ತಿ ಇಳಿಸಿ, ಹೊಸದಾಗಿ ಗೆರೆ ಮಟ್ಟಕ್ಕೆ ಹಾಕ್ತೀನಿ. ಇವತ್ತೇ ಓಡಿಸ್ಕೊಂಡು ಹೋಗಿ."

ಯಜಮಾನರು "ಸದ್ಯ!" ಅಂದರು. ನರ್ಸಮ್ಮ, "ನನಗೆ ಮೊದಲಿಂದಾನೂ ಅನುಮಾನ ಇತ್ತು, ಕುಡಿದೋರ ನಡಿಗೆ ಹೀಗಿರಲ್ಲ ಅಂತ" ಎಂದು ಲಜ್ಜೆಯಿಲ್ಲದೆ ಹೇಳಿ, ಕೇಸು ಕೈತಪ್ಪಿದ ಬೇಜಾರಿನಲ್ಲಿ ಮನೆಗೆ ಹೊರಟರು.

ಭಾವ ಮಾತ್ರ ನಗಲಿಲ್ಲ. ಒಳಗೆ ಬಂದು ಕೈ ತೊಳೆದುಕೊಂಡು ತಂಗಿಯ ಕಡೆ ತಿರುಗಿದರು.

"ಕುಡುಕ ಅಲ್ಲ ಅಂತಾಯ್ತು. ಒಪ್ತೀನಿ. ಆದ್ರೆ ಗೊತ್ತಿಲ್ಲ ಅನ್ನೋ ಒಂದು ಮಾತು ಹೇಳೋಕೆ ಧೈರ್ಯ ಇಲ್ದಿರೋ ಮನುಷ್ಯನ ಜೊತೆ ಹೇಗಮ್ಮ ಬಾಳ್ತೀಯ? ಕೈಲಾಗದೋನು ಅಂತ ನಾನು ಹದಿನಾಲ್ಕು ವರ್ಷದ ಹಿಂದೇನೇ ಹೇಳಿದ್ದೆ. ನೀನೇ ಬಾ ಅಂದೆ, ಬಂದಿದ್ದೀನಿ. ಚೀಲ ತಗೋ, ಹೊರಡೋಣ."

ಜೋಪಾನಪ್ಪ ಗೋಡೆಗೆ ಆತುಕೊಂಡು ನಿಂತಿದ್ದ. ಅರ್ಧಕ್ಕೆ ನಿಂತಿದ್ದ ವಾಕ್ಯ ಕೊನೆಗೂ ಪೂರ್ತಿಯಾಗಿತ್ತು. ತಡೆಯಬೇಕು, ಏನಾದರೂ ಹೇಳಬೇಕು ಎಂದು ಬಾಯಿ ತೆರೆದ. ಹೊರಟದ್ದು ಇಷ್ಟೇ: "ಚೀಲದ ಹಿಡಿ ಸಡಿಲ ಆಗಿದೆ. ಜೋಪಾನ."

ಹೆಂಡತಿ ಅವನನ್ನು ನೋಡಿದಳು. ಆಮೇಲೆ ಅಣ್ಣನನ್ನು ನೋಡಿದಳು. "ಯಾರ ಚೀಲ ಅಂದ್ಕೊಂಡೆ ಅಣ್ಣ?"

ಬಗ್ಗಿ ಚೀಲದ ಬಾಯಿ ಬಿಚ್ಚಿದಳು. ಮೇಲೆ ಜೋಪಾನಪ್ಪನ ನಾಲ್ಕು ಅಂಗಿ, ಅವನ ಮಫ್ಲರ್, ಅವನ ಹಲ್ಲುಜ್ಜುವ ಬ್ರಷ್ಷು. ಅದರ ಕೆಳಗೆ ಮಡಿಸಿಟ್ಟ ಅವಳ ಬಟ್ಟೆ.

"ಬಂದು ಕರ್ಕೊಂಡು ಹೋಗು ಅಂದಿದ್ದು ಇವರನ್ನ. ಕುಡಿತ ಬಿಡಿಸೋ ಆಸ್ಪತ್ರೆಗೆ. ಒಬ್ಬರೇ ಇದ್ರೆ ಅಲ್ಲಿ ಹೆದರ್ಕೊಳ್ತಾರೆ ಅಂತ ನಂದೂ ನಾಲ್ಕು ಬಟ್ಟೆ ಇಟ್ಕೊಂಡೆ."

ಭಾವ ಕೈಯಲ್ಲಿದ್ದ ಇಲಾಖೆಯ ಪುಸ್ತಕವನ್ನು ತೆರೆದರು, ಮುಚ್ಚಿದರು. "ಅಲ್ಲಮ್ಮ... ಕೈಲಾಗದೋನು ಅಂತ..."

"ಅದು ಮದುವೆ ಆದ ವಾರಕ್ಕೇ ಗೊತ್ತಾಯ್ತಲ್ಲ ಅಣ್ಣ. ಗೊತ್ತಿದ್ದೇ ಇದ್ದೀನಿ."

ಜೋಪಾನಪ್ಪನಿಗೆ ಅಳು ಬಂತು. ಮುಚ್ಚಿಕೊಳ್ಳಲಿಲ್ಲ, ನಿಂತಲ್ಲೇ ಅತ್ತ. ಅವಳು ಮಫ್ಲರನ್ನು ಚೀಲದಿಂದ ತೆಗೆದು ಅವನ ಕೈಗೆ ಕೊಟ್ಟು, ಅಂಗಿಗಳನ್ನು ಎದೆಗೊತ್ತಿಕೊಂಡು ಬೀರುವಿನ ಕಡೆ ನಡೆದಳು. ಬಾಗಿಲ ಹತ್ತಿರ ನಿಂತು, ಇನ್ನೂ ಸಿಟ್ಟು ಇಳಿಯದ ದನಿಯಲ್ಲಿ ಹೇಳಿದಳು.

"ಇನ್ನು ಮೇಲೆ ಹೆದರಿಕೆ ಆದ್ರೆ ಷೆಡ್ಡಿಗೆ ಹೋಗಿ ಕೂರ್ಬೇಡಿ. ನನ್ನ ಕರೀರಿ. ಇಬ್ಬರೂ ಜೊತೇಲಿ ಕೂತು ಹೆದರೋಣ."